ರಾಜಗಿರಾ ಚಿಕ್ಕಿಯಲ್ಲಿ ಶೇಂಗಾ ಅಂಶ ಬರುವುದು ನಿಂತದ್ದು ಹೀಗೆ

ಪುಣೆ ಭೋಸರಿಯ ನಮ್ಮ ಘಟಕದಲ್ಲಿ ಶೇಂಗಾ ಚಿಕ್ಕಿ, ರಾಜಗಿರಾ (ದಂಟಿನ ಬೀಜದ) ಚಿಕ್ಕಿ ಎರಡೂ ಒಂದೇ ಲೈನಿನಲ್ಲಿ ಆಗುತ್ತವೆ. ಶೇಂಗಾ ಅಲರ್ಜಿ ಇರುವವರಿಗೆ ರಾಜಗಿರಾ ಚಿಕ್ಕಿಯಲ್ಲಿ ಸ್ವಲ್ಪ ಶೇಂಗಾ ಸೇರಿದರೂ ಅಪಾಯ. ತೊಳೆದ ಮೇಲೂ ಸ್ವ್ಯಾಬ್ ಕಿಟ್‌ನಲ್ಲಿ (ಮಶಿನ್ ಮೇಲ್ಮೈ ಒರೆಸಿ ನೋಡುವ ಟೆಸ್ಟ್) ಶೇಂಗಾ ಪ್ರೋಟೀನ್ ಪಾಸಿಟಿವ್ ಬರುತ್ತಿತ್ತು.

ಕಂಪ್ರೆಸರ್ ಗಾಳಿ ಹೊಡೆದರೆ ಪುಡಿ ಹಾರಿ ಪಕ್ಕದ ಟ್ರೇಗಳ ಮೇಲೆ ಕೂರುತ್ತದೆ, ಅದು ಬೇಡವೇ ಬೇಡ. ಸ್ಯಾನಿಟೈಸರ್ ಜಾಸ್ತಿ ಮಾಡಿದರೂ ಆಗಲಿಲ್ಲ, ಅದು ರೋಗಾಣು ಕೊಲ್ಲುತ್ತದೆ, ಪ್ರೋಟೀನ್ ತೆಗೆಯುವುದಿಲ್ಲ. ಎಟಿಪಿ ಟೆಸ್ಟ್ (ಒಟ್ಟಾರೆ ಸ್ವಚ್ಛತೆ ನೋಡುವ ಟೆಸ್ಟ್) ಪಾಸ್ ಆಯಿತೆಂದು ನಂಬಬೇಡಿ, ಅದು ಶೇಂಗಾ ಹುಡುಕುವ ಟೆಸ್ಟೇ ಅಲ್ಲ. 'ಶೇಂಗಾ ಇರಬಹುದು' ಎಂದು ಲೇಬಲ್ ಹಾಕಿ ಸುಮ್ನೆ ಬಿಡುವುದೂ ಪರಿಹಾರವಲ್ಲ, ತೊಳೆಯುವ ಕೆಲಸ ಅದರಿಂದ ತಪ್ಪುವುದಿಲ್ಲ.

ಶೇಂಗಾ ಅಂಶ ಕೂತಿದ್ದದ್ದು ಬೆಲ್ಟ್ ಕೆರೆಯುವ ಸ್ಕ್ರೇಪರ್ ಬ್ಲೇಡ್ ಹಿಂದೆ ಮತ್ತು ರೋಲರ್ ತುದಿಗಳಲ್ಲಿ, ಬೆಲ್ಲದ ಪಾಕದ ಜೊತೆ ಗಟ್ಟಿಯಾಗಿ ಅಂಟಿಕೊಂಡು. ಮೊದಲು ಬ್ಲೇಡ್ ಬಿಚ್ಚಿ, ನೀರು ಮುಟ್ಟಿಸದೆ ಒಣದಾಗಿಯೇ ಕೆರೆದು ವ್ಯಾಕ್ಯೂಮ್ ಮಾಡಿ. ಆಮೇಲೆ 60 ಡಿಗ್ರಿ ನೀರಿನಲ್ಲಿ ಕ್ಷಾರದ ಡಿಟರ್ಜೆಂಟ್ ಹಾಕಿ 15 ನಿಮಿಷ ನೆನೆಯಲು ಬಿಟ್ಟು, ಈ ಕೆಲಸಕ್ಕೇ ಇಟ್ಟ ಕೆಂಪು ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಸ್ವ್ಯಾಬ್ ತೆಗೆಯುವುದು ಬೆಲ್ಟಿನ ನಡುವೆ ಅಲ್ಲ, ಆ ಮೂಲೆಗಳಲ್ಲೇ. ನೆಗೆಟಿವ್ ಬಂದರೆ ಮಾತ್ರ ಲೈನ್ ಚಾಲೂ.

ಶಿಫ್ಟ್‌ನಲ್ಲಿ ರಾಜಗಿರಾ ಮೊದಲು, ಶೇಂಗಾ ಕೊನೆಗೆ. ಒಡೆದ ರಾಜಗಿರಾ ತುಂಡನ್ನು ಶೇಂಗಾ ಬ್ಯಾಚಿಗೆ ಹಾಕಬಹುದು, ಉಲ್ಟಾ ಮಾತ್ರ ಯಾವತ್ತೂ ಬೇಡ. ತೊಳೆಯುವವರಲ್ಲಿ ವಿಜಯಪುರ ಕಡೆಯವರೇ ಜಾಸ್ತಿ, ಅದಕ್ಕೆ ಈ ಕ್ರಮವನ್ನು ಕನ್ನಡದಲ್ಲೇ ಬರೆದು ಲೈನಿನ ಪಕ್ಕ ಅಂಟಿಸಿದ್ದೇವೆ.