ಟೆಂಡರಿನಲ್ಲಿದ್ದ ಒಂದು ‘ಇಲ್ಲ’

ಹುಬ್ಬಳ್ಳಿಯಲ್ಲಿ ನಮ್ಮದು ಏಳು ಮಷಿನ್ನಿನ ಹೊಲಿಗೆ ಘಟಕ. ಬೆಡ್‌ಶೀಟು, ದಿಂಬಿನ ಕವರು, ಪರದೆ ಹೊಲಿಯುತ್ತೇವೆ. 2021ರಲ್ಲಿ ಕೇಂದ್ರದ ಒಂದು ಸಂಸ್ಥೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ 2,000 ಬೆಡ್‌ಶೀಟಿಗೆ ಬಿಡ್ ಕರೆದಿತ್ತು. ಓದುತ್ತಾ ಹೋದೆ, ಎಲ್ಲಾ ನಮ್ಮ ಕೈಲಿ ಆಗುವಂಥದ್ದೇ, ಒಂದು ಸಾಲು ಬಿಟ್ಟು: ಅನುಭವ ಮತ್ತು ವಹಿವಾಟಿನ ಷರತ್ತಿನಲ್ಲಿ ಸಣ್ಣ ಉದ್ದಿಮೆಗಳಿಗೆ ವಿನಾಯಿತಿ ‘ಇಲ್ಲ’.

ಮೊದಲಾದರೆ ಅಲ್ಲಿಗೇ ಬಿಟ್ಟು ಏಳುತ್ತಿದ್ದೆ. ಈ ಸಲ ನಮ್ಮ ಜಿಎಸ್‌ಟಿ ನೋಡಿಕೊಳ್ಳುವವರು, ‘ಅಕ್ಕಾ, ಆ ಇಲ್ಲ ಅನ್ನೋದು ಕಾನೂನಲ್ಲ, ಖರೀದಿ ಮಾಡೋರು ಒತ್ತಿದ ಟಿಕ್ಕು, ಕೇಳಿ ನೋಡ್ರಿ’ ಅಂದರು.

ಆ ಸಂಸ್ಥೆಗೆ ಪತ್ರ ಬರೆದೆ. ಮೊದಲ ಸಲ ಬರೆದಾಗ ‘ನಾವು ಬಡ ಹೆಣ್ಣುಮಕ್ಕಳು, ದಯವಿಟ್ಟು’ ಅಂತೆಲ್ಲ ಇತ್ತು, ಅವರು ಅದನ್ನೆಲ್ಲ ಹೊಡೆದು ಹಾಕಿದರು. ಉಳಿದದ್ದು ಅರ್ಧ ಪುಟ. ಸಣ್ಣ ಉದ್ದಿಮೆ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ, ಬಟ್ಟೆಯ ಟೆಸ್ಟ್ ರಿಪೋರ್ಟು, ತಿಂಗಳಿಗೆ ಎಷ್ಟು ಹೊಲಿಯಬಲ್ಲೆವು ಅನ್ನೋ ಲೆಕ್ಕ. ಜೊತೆಗೆ 2012ರ ಖರೀದಿ ನೀತಿ: ಕೇಂದ್ರದ ಸಂಸ್ಥೆಗಳು ವರ್ಷದ ಖರೀದಿಯಲ್ಲಿ ಶೇ. 25 ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು, ಅದರೊಳಗೆ ಎಸ್‌ಸಿ-ಎಸ್‌ಟಿ ಉದ್ದಿಮೆದಾರರಿಗೆ ಶೇ. 4, ಮಹಿಳೆಯರಿಗೆ ಶೇ. 3.

ಮೂರನೇ ದಿನ ಫೋನ್ ಬಂತು. ‘ಮೇಡಂ, ನಿಮ್ಮಿಂದ ಆಗ್ತದೇನ್ರಿ ಇದು?’ ‘ಬಂದು ನೋಡ್ರಿ ಸರ್’ ಅಂದೆ. ಯಾರೂ ಬರಲಿಲ್ಲ, ಆದರೆ ‘ಇಲ್ಲ’ ಇದ್ದಲ್ಲಿ ‘ಹೌದು’ ಬಂತು. ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿ, ಅಂತೂ ನಮ್ಮಂಥ ಘಟಕಕ್ಕೆ ಮಾಫಿ, ದುಡ್ಡು ಕಟ್ಟಿ ಕೂರುವ ಗೋಳಿಲ್ಲ.

ರೇಟು ತೆರೆದಾಗ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿದ್ದು, ಒಂದು ದೊಡ್ಡ ಮಿಲ್ಲು, 400 ರೂಪಾಯಿ. ನಮ್ಮದು 446. ಎಲ್-1ಗಿಂತ ಶೇ. 15ರೊಳಗೆ ಇದ್ದರೆ, ಅದೇ ರೇಟಿಗೆ ಇಳಿದು ಒಂದು ಪಾಲು ಮಾಲು ಕೊಡುವ ಅವಕಾಶ ಸಣ್ಣವರಿಗೆ ಇದೆ. ನಮಗೆ ಸಿಕ್ಕಿದ್ದು 500. ರಾತ್ರಿಯೆಲ್ಲಾ ಕೂತು ಲೆಕ್ಕ ಹಾಕಿದರೆ ಬಟ್ಟೆ, ಕೂಲಿ, ಸಾಗಾಣಿಕೆ ಸೇರಿ ಒಂದಕ್ಕೆ 391 ಬೀಳುತ್ತಿತ್ತು. ಒಂಬತ್ತು ರೂಪಾಯಿ ಲಾಭ! ಮಿಲ್ಲಿನವರು ನೂಲಿನಿಂದಲೇ ಶುರು ಮಾಡುತ್ತಾರೆ, ನಾವು ಬಟ್ಟೆ ಕೊಂಡು ತರುವವರು, ಇಬ್ಬರಿಗೂ ಒಂದೇ ರೇಟು ಅಂದರೆ ಅರ್ಧ ನ್ಯಾಯ ಅಷ್ಟೇ ಅಲ್ವಾ. ಆದರೂ ಒಪ್ಪಿಕೊಂಡೆ, ಮುಂದಿನ ಸಲ ತೋರಿಸಲು ಒಂದು ಸರಬರಾಜು ಪತ್ರ ಕೈಯಲ್ಲಿರಲಿ ಅಂತ.

ಮಾಲು ಸರಿಯಾದ ದಿನಕ್ಕೆ ಕೊಟ್ಟೆವು. ದುಡ್ಡು ಬರಲಿಲ್ಲ. ಕಾನೂನಿನಲ್ಲಿ 45 ದಿನ ಮೀರುವಂತಿಲ್ಲ, ನಾಲ್ಕು ತಿಂಗಳಾದರೂ ‘ಫೈಲು ಮೇಲಿದೆ’. ಕೊನೆಗೆ ಸಣ್ಣ ಉದ್ದಿಮೆಗಳ ಬಾಕಿ ದೂರಿಗೆಂದೇ ಇದ್ದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಿದೆ. ‘ಮುಂದೆ ನಿಮಗೆ ಆರ್ಡರ್ ಕೊಡಲ್ಲ’ ಅಂತ ಹೆದರಿಸಿದವರೂ ಉಂಟು. ಇಂಥ ದೂರು ಕೇಳುವ ಕೌನ್ಸಿಲ್ ಮುಂದೆ ವಿಚಾರಣೆಗೆ ಬರುವ ಮೊದಲೇ ಅಸಲು ಜಮಾ ಆಯಿತು. ತಡವಾದದ್ದಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದಿತ್ತು, ಸಂಬಂಧ ಕೆಡೋದು ಬೇಡ ಅಂತ ಸುಮ್ನೆ ಬಿಟ್ಟೆ. ಬಿಡಬಾರದಿತ್ತು. ನಾನು ಸಾಲ ತಂದ ಬ್ಯಾಂಕು ಒಂದು ದಿನದ ಬಡ್ಡಿಯನ್ನೂ ಬಿಡಲಿಲ್ಲ.

ಮರುವರ್ಷ ಅದೇ ಸಂಸ್ಥೆಯ ಬಿಡ್ಡಿನಲ್ಲಿ, ನಾನು ಕೇಳುವ ಮೊದಲೇ, ವಿನಾಯಿತಿ ‘ಹೌದು’ ಅಂತಿತ್ತು. ನನಗೆ ಸಿಗಲಿಲ್ಲ. ಎಲ್-1 ಬಂದವರೂ ನಮ್ಮಂಥದ್ದೇ ಸಣ್ಣ ಘಟಕ, ಹಾಗಾಗಿ ರೇಟು ಇಳಿಸಿ ಪಾಲು ಕೇಳುವ ಅವಕಾಶವೂ ಇರಲಿಲ್ಲ. ನಮಗಿಂತ ಆರು ರೂಪಾಯಿ ಕಡಿಮೆ ಹಾಕಿದ್ದರು. ಬಟ್ಟೆ ಎಲ್ಲಿಂದ ತರುತ್ತಾರೋ, ಕೇಳಬೇಕು.