ಮೊದಲು ಬ್ರಾ ಸರಿಯಾಗಲಿ, ಫಾರ್ಮ್ ಆಮೇಲೆ

ನಾನು ಕುಮಟಾದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಕ್ಯಾನ್ಸರ್ ಆಗಿ ನನ್ನ ಎಡಗಡೆಯ ಎದೆ ತೆಗೆದಿದ್ದಾರೆ. ಅಳತೆ, ಬಟ್ಟೆ, ಇಲಾಸ್ಟಿಕ್ ಎಲ್ಲ ನನಗೆ ದಿನವೂ ಕೈಗೆ ಸಿಗುವ ಸಂಗತಿಗಳು. ಆದರೂ ಆಪರೇಷನ್ ಆದ ಮೇಲೆ ಯಾವ ಬ್ರಾ ಹಾಕಬೇಕು, ಖಾಲಿಯಾದ ಜಾಗಕ್ಕೆ ಏನು ಇಡಬೇಕು ಅಂತ ಬಿಡಿಸಿ ಹೇಳುವವರು ಸಿಗಲಿಲ್ಲ. ಕ್ಯಾನ್ಸರ್ ಅಂದರೆ ನಾವು ಜಿಲ್ಲೆಯ ಹೊರಗೆ ಓಡುವವರು ತಾನೇ? ಕುಮಟಾ, ಹೊನ್ನಾವರದ ಕಡೆಯವರು ಮಣಿಪಾಲ, ಮಂಗಳೂರಿಗೆ ಹೋಗುತ್ತೇವೆ. ಕಾರವಾರದವರಿಗೆ ಗೋವಾ ಹತ್ತಿರ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ಗಾಯದ ಬಗ್ಗೆ, ಕೀಮೋ ಬಗ್ಗೆ, ಮಾತ್ರೆ ಬಗ್ಗೆ ಹೇಳಿ ಕಳಿಸುತ್ತಾರೆ. ಬ್ಲೌಸಿನ ಒಳಗಿನ ಮಾತು ಮಾತ್ರ ಊರಿಗೆ ಬಂದ ಮೇಲೆ ನಮ್ಮ ಪಾಡಿಗೆ ನಾವು.

ಈಗ ನನ್ನ ಹತ್ತಿರ ಬರುವ ಹೆಂಗಸರು ಮೊದಲು ಕೇಳುವುದು, "ಯಾವ ಫಾರ್ಮ್ ತಗೊಳ್ಳಲಿ, ಎಷ್ಟಾಗ್ತದೆ?" ಅಂತ. ಫಾರ್ಮ್ ಅಂದರೆ ತೆಗೆದ ಎದೆಯ ಜಾಗಕ್ಕೆ ಬ್ರಾ ಒಳಗೆ ಇಡುವ ಕೃತಕ ಎದೆ. ನಾನು ಅವರ ಬ್ರಾ ತೋರಿಸಿ ಅನ್ನುತ್ತೇನೆ. ಎಷ್ಟೇ ದುಡ್ಡು ಕೊಟ್ಟು ಒಳ್ಳೆ ಫಾರ್ಮ್ ತಂದರೂ ಅದನ್ನು ಹಿಡಿದಿಡುವುದು ಬ್ರಾ. ಬ್ರಾ ಸಡಿಲವಾಗಿದ್ದರೆ ಫಾರ್ಮ್ ಮೇಲೇರುತ್ತದೆ, ಕಂಕುಳ ಕಡೆ ಸರಿಯುತ್ತದೆ. ಆಮೇಲೆ ಮದುವೆಮನೆಯಲ್ಲಿ ಕೂತಷ್ಟು ಹೊತ್ತೂ ಕೈ ಅಲ್ಲೇ ಹೋಗುತ್ತಿರುತ್ತದೆ. ಇದೇ ಕಾರಣಕ್ಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ, ಯಾಕೆಂದರೆ ಇದು ಸರಿಮಾಡಬಹುದಾದ ಸಂಗತಿ.

ಮೊದಲ ಕೆಲವು ವಾರ ಯಾವುದಕ್ಕೂ ಅವಸರ ಬೇಡ. ಗಾಯದ ನೀರು ಹೊರಗೆ ಹೋಗಲು ಹಾಕಿದ ಡ್ರೈನ್ ಪೈಪು, ಹೊಲಿಗೆ, ಊತ ಇರುತ್ತದೆ. ಕೈ ಹಿಂದಕ್ಕೆ ಹೋಗುವುದಿಲ್ಲ, ಮೇಲಕ್ಕೂ ಏಳುವುದಿಲ್ಲ. ಮುಂದೆ ಬಟನ್ ಇರುವ ಸಡಿಲವಾದ ಹತ್ತಿ ಸ್ಲಿಪ್ ಸಾಕು. ಗಾಯ ಒಣಗಿದ ಮೇಲೆ ಒಳಗೆ ಏನಾದರೂ ಇಡಬೇಕು ಅನ್ನಿಸಿದರೆ ಹಗುರವಾದ ಮೆತ್ತೆ ಇಡಬಹುದು. ಹಳೆ ಮಲ್ ಬಟ್ಟೆಯಲ್ಲಿ ದಿಂಬಿಗೆ ತುಂಬುವ ಫೈಬರ್ ಹಾಕಿ ನಾನೇ ಹೊಲಿದುಕೊಂಡಿದ್ದೆ. ಸಿಲಿಕಾನ್ ಫಾರ್ಮ್ ಹಾಕಲು ಸಾಮಾನ್ಯವಾಗಿ 6ರಿಂದ 8 ವಾರ ಕಾಯಲು ಹೇಳುತ್ತಾರೆ. ಕರೆಂಟ್ ಕೊಡುತ್ತಿದ್ದರೆ, ಅಂದರೆ ರೇಡಿಯೇಷನ್ ಇದ್ದರೆ, ಚರ್ಮ ಪೂರ್ತಿ ಸುಧಾರಿಸಬೇಕು. ಡಾಕ್ಟರ್ ಆಯ್ತು ಅನ್ನುವವರೆಗೆ ಬೇಡವೇ ಬೇಡ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಆಪರೇಷನ್ ಆದ ಜಾಗದಲ್ಲಿ, ಕಂಕುಳಲ್ಲಿ ಬಹಳ ಜನರಿಗೆ ಚರ್ಮ ಮರಗಟ್ಟಿರುತ್ತದೆ. ಪಿನ್ ಚುಚ್ಚಿದರೂ, ಹೊಲಿಗೆ ಉಜ್ಜಿ ಕೆಂಪಾದರೂ ಗೊತ್ತೇ ಆಗುವುದಿಲ್ಲ. ಹಾಗಾಗಿ ಮರಗಟ್ಟಿದ ಜಾಗದಲ್ಲಿ ಪಿನ್ ಕೂಡದು. ರಾತ್ರಿ ಬ್ರಾ ತೆಗೆದ ಮೇಲೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಮೊದಮೊದಲು ನೋಡಲು ಧೈರ್ಯ ಬರುವುದಿಲ್ಲ, ನನಗೂ ಬಂದಿರಲಿಲ್ಲ. ಆದರೆ ಅಲ್ಲಿ ಕಣ್ಣೇ ಚರ್ಮದ ಕೆಲಸ ಮಾಡಬೇಕು.

ಈಗ ಅಳತೆ. ಹಳೆ ಬ್ರಾ ಸೈಜ್ ಹೇಳಿ ಹೊಸದು ತರಬೇಡಿ. ಚಿಕಿತ್ಸೆಯಲ್ಲಿ ಮೈ ತೂಕ ಹೆಚ್ಚುಕಡಿಮೆ ಆಗಿರುತ್ತದೆ. ಉಸಿರು ಬಿಟ್ಟು ಎದೆಯ ಕೆಳಗೆ ಟೇಪು ಸುತ್ತಿ, ಅದು ನೆಲಕ್ಕೆ ಸಮವಾಗಿರಲಿ. ಇದು ಬ್ಯಾಂಡಿನ ಅಳತೆ. ಕಪ್ಪಿನ ಅಳತೆಗೆ ಎದೆ ಸುತ್ತ ಟೇಪು ಹಿಡಿದರೆ ಒಂದು ಬದಿ ಖಾಲಿ ಇರುವುದರಿಂದ ತಪ್ಪು ಲೆಕ್ಕ ಬರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಎದೆಮೂಳೆಯ ನಡುವಿನಿಂದ ಶುರು ಮಾಡಿ, ಉಳಿದಿರುವ ಎದೆಯ ಉಬ್ಬಿದ ಭಾಗದ ಮೇಲೆ ಹಾಯಿಸಿ, ಹಿಂದೆ ಬೆನ್ನುಮೂಳೆಯ ನಡುವಿನವರೆಗೆ ಅಳೆಯಿರಿ. ಅದನ್ನು ಎರಡು ಪಟ್ಟು ಮಾಡಿ. ಕೆಳಗಿನ ಅಳತೆ 34 ಇಂಚು, ಅರ್ಧ ಸುತ್ತು 18 ಬಂತು ಅಂದುಕೊಳ್ಳಿ. ಎರಡು ಪಟ್ಟು 36. ವ್ಯತ್ಯಾಸ 2 ಇಂಚು, ಅಂದರೆ ಬಿ ಕಪ್. 1 ಇಂಚಾದರೆ ಎ, 3 ಆದರೆ ಸಿ. ಕೆಲವು ಕಂಪನಿಗಳು ಬ್ಯಾಂಡಿಗೆ ನಾಲ್ಕೈದು ಇಂಚು ಸೇರಿಸಿ ಲೆಕ್ಕ ಹಾಕುತ್ತವೆ. ಹಾಗಾಗಿ ಪೆಟ್ಟಿಗೆಯ ಮೇಲಿನ ಪಟ್ಟಿಯನ್ನೂ ನೋಡಿ.

ಕೈಗೆ ತಗೊಂಡ ಬ್ರಾದಲ್ಲಿ ನಾನು ಮೊದಲು ನೋಡುವುದು ತಂತಿ ಇದೆಯಾ ಅಂತ. ಇದ್ದರೆ ಅಲ್ಲಿಗೇ ಬಿಡುತ್ತೇನೆ. ಕಪ್ ಪೂರ್ತಿ ಮುಚ್ಚುವಂತಿರಬೇಕು, ಕಂಕುಳ ಕಡೆ ಎತ್ತರ ಬೇಕು. ಎರಡು ಕಪ್ಪಿನ ನಡುವಿನ ಪಟ್ಟಿ ಎದೆಮೂಳೆಗೆ ಅಂಟಿ ಕೂರಬೇಕು. ಅದು ಎದ್ದು ನಿಂತರೆ ಫಾರ್ಮ್ ಕೂಡ ಮೈಬಿಟ್ಟು ನಿಲ್ಲುತ್ತದೆ. ಬ್ಯಾಂಡ್ ಅಗಲವಾಗಿರಲಿ, ಹುಕ್ಕಿನ ಸಾಲು ಮೂರಾದರೂ ಇರಲಿ. ಹೊಸದರಲ್ಲಿ ಕೊನೆಯ ಸಡಿಲ ಸಾಲಿಗೇ ಸರಿಯಾಗಬೇಕು. ಇಲಾಸ್ಟಿಕ್ ಸಡಿಲಾದಂತೆ ಒಳಗಿನ ಸಾಲಿಗೆ ಹೋಗಬಹುದು. ಭುಜದ ಪಟ್ಟಿ ಅಗಲವಾಗಿ, ಮೆತ್ತಗೆ ಇರಬೇಕು, ಕೆಳಗೆ ಎರಡು ಬೆರಳು ಹೋಗಬೇಕು. ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದರೆ ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಆ ಕೈ ಬಾತುಕೊಳ್ಳುವ ಸಾಧ್ಯತೆ ಯಾವಾಗಲೂ ಇರುತ್ತದೆ. ಹಗ್ಗದಂಥ ಪಟ್ಟಿ ಭುಜ ಒತ್ತುತ್ತಿದ್ದರೆ ಒಳ್ಳೆಯದಲ್ಲ.

ಹಾಕಿಕೊಂಡು ಸುಮ್ನೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಕಸ ಗುಡಿಸುವ ಹಾಗೆ ಬಗ್ಗಿ. ಬಟ್ಟೆ ಒಣಗಿಸುವ ಹಾಗೆ ಎರಡೂ ಕೈ ಎತ್ತಿ. ನೆಲದ ಮೇಲೆ ಕೂತು ಏಳಿ. ಬೆನ್ನ ಮೇಲೆ ಬ್ಯಾಂಡ್ ಏರಿದರೆ ಅದು ಸಡಿಲ. ಒಂದು ಅಂಗಡಿಯಲ್ಲಿ ನನಗೆ ಹಾಕಿ ನೋಡಲು ಬಿಡಲೇ ಇಲ್ಲ, ಪೆಟ್ಟಿಗೆ ಮುಂದಿಟ್ಟು ತಗೊಳ್ಳಿ ಅಂದರು. ಬರಿಗೈಲಿ ಬಂದೆ. ನೀವೂ ಹಾಗೇ ಬನ್ನಿ, ಮುಜುಗರ ಬೇಡ.

ಫಾರ್ಮ್ ಇಡಲು ಕಪ್ಪಿನ ಒಳಗೆ ಪಾಕೆಟ್ ಇರುವ ಮಾಸ್ಟೆಕ್ಟಮಿ ಬ್ರಾ, ಅಂದರೆ ಎದೆ ತೆಗೆದವರಿಗೆಂದೇ ಮಾಡಿದ ಬ್ರಾ, ನಮ್ಮ ಪೇಟೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಮೇಲೆ ಹೇಳಿದ ಗುಣ ಇರುವ ಸಾದಾ ಹತ್ತಿ ಬ್ರಾಗೆ ಪಾಕೆಟ್ ಹೊಲಿಯಬಹುದು. ನಾನು ಈಗಲೂ ಹೆಚ್ಚು ಹಾಕುವುದು ಅಂಥದ್ದನ್ನೇ. ಚೆನ್ನಾಗಿ ಒಗೆದ ಹಳೆ ಬನಿಯನ್ ಬಟ್ಟೆ ಇದಕ್ಕೆ ಬಹಳ ಒಳ್ಳೆಯದು. ಮೆತ್ತಗಿರುತ್ತದೆ, ಸ್ವಲ್ಪ ಎಳೆಯುತ್ತದೆ, ಬೆವರು ಹೀರುತ್ತದೆ. ಕಪ್ಪಿನ ಆಕಾರ ಕಾಗದದ ಮೇಲೆ ತೆಗೆದು, ಸುತ್ತ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸುತ್ತೇನೆ. ಮಡಿಚಿದ ಅಂಚು ಕಪ್ಪಿನ ಕಡೆಗೆ ಬರಬೇಕು, ಚರ್ಮಕ್ಕೆ ತಾಗುವ ಬದಿ ನುಣುಪಾಗಿರಬೇಕು. ಬಾಯಿ ಕಂಕುಳ ಬದಿಗೆ ಇರಲಿ, ಮೇಲ್ಗಡೆ ಬಿಟ್ಟರೆ ಬಾವಿ ಕಟ್ಟೆಯಲ್ಲಿ ಬಗ್ಗಿದಾಗ ಫಾರ್ಮ್ ಇಣುಕುತ್ತದೆ. ಕೆಳಗಿನ ಹೊಲಿಗೆಯನ್ನು ಇಲಾಸ್ಟಿಕ್ ಮೇಲೆ ಹಾಕುವಾಗ ಇಲಾಸ್ಟಿಕ್ ಎಳೆದು ಹಿಡಿದು ಹೊಲಿಯಬೇಕು, ಇಲ್ಲದಿದ್ದರೆ ಹಾಕಿಕೊಳ್ಳುವಾಗ ದಾರ ಹರಿಯುತ್ತದೆ. ಎರಡೂ ಬದಿಗೆ ಪಾಕೆಟ್ ಹೊಲಿಯುವುದು ನನ್ನ ಕ್ರಮ. ಒಂದೇ ಬದಿಗೆ ಬಟ್ಟೆ ಸೇರಿಸಿದರೆ ಎರಡು ಕಪ್ಪಿನ ಹಿಡಿತ ಬೇರೆಬೇರೆ ಆಗುತ್ತದೆ.

ಇಷ್ಟಾದ ಮೇಲೆ ಫಾರ್ಮ್. ಸಿಲಿಕಾನ್ ಫಾರ್ಮಿಗೆ ನಿಜವಾದ ಎದೆಯ ತೂಕ, ಇಳಿತ ಎರಡೂ ಇರುತ್ತದೆ. ಜರ್ಮನಿಯ ಅಮೋನಾ ಕಂಪನಿ 1975ರಿಂದ ಇದೇ ಕೆಲಸದಲ್ಲಿದೆ. ಬಾರ್ಬಿ ಗೊಂಬೆ ತಯಾರಿಸಿದ ಅಮೆರಿಕದ ರೂತ್ ಹ್ಯಾಂಡ್ಲರ್ ಅವರಿಗೆ 1970ರಲ್ಲಿ ಒಂದು ಎದೆ ತೆಗೆದಿದ್ದರು. ಆಗ ಸಿಗುತ್ತಿದ್ದ ಯಾವುದೂ ಹೊಂದದೆ, ಎಡಕ್ಕೆ ಬೇರೆ ಬಲಕ್ಕೆ ಬೇರೆ ಆಕಾರದ ಫಾರ್ಮ್‌ಗಳನ್ನು ತಾವೇ ಮಾಡಿಸಿ ಮಾರಿದರು. ಅವರ ಬಗ್ಗೆ ಓದಿದಾಗ ನನಗೆ ತುಂಬಾ ಬಲ ಬಂದಂತಾಯಿತು. ಈಗಲೂ ಕೆಲವು ಫಾರ್ಮ್ ಒಂದೇ ಬದಿಗೆ ಹೊಂದುತ್ತವೆ, ತ್ರಿಕೋನದವು ಎರಡೂ ಬದಿಗೆ ಆಗುತ್ತವೆ. ಕಂಕುಳ ಕಡೆ ಜಾಸ್ತಿ ಮಾಂಸ ತೆಗೆದಿದ್ದರೆ ಆ ಕಡೆ ಬಾಲದಂತೆ ಚಾಚಿದ ಆಕಾರ ಬೇಕು. ಅರ್ಧ ಭಾಗ ಮಾತ್ರ ತೆಗೆದವರಿಗೆ ತೆಳುವಾದ ಚಿಪ್ಪಿನಂಥ ಫಾರ್ಮ್ ಬರುತ್ತದೆ. ಉಳಿದ ಎದೆ ದೊಡ್ಡದಿದ್ದರೆ ತೂಕ ಇರುವ ಫಾರ್ಮ್ ಒಳ್ಳೆಯದು, ಇಲ್ಲದಿದ್ದರೆ ಒಂದು ಬದಿ ಎಳೆದಂತಾಗಿ ಬ್ರಾ ಓರೆಯಾಗುತ್ತದೆ. ನನ್ನಂತೆ ಸಣ್ಣ ಮೈಯವರಿಗೆ ಹಗುರದ್ದೇ ಸಾಕು.

ಆದರೆ ನಮ್ಮ ಸೆಕೆ! ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದಿಂದ ಭಟ್ಕಳದವರೆಗೆ ಮೈಯೆಲ್ಲ ಅಂಟಂಟು. ಸಿಲಿಕಾನಿನ ಹಿಂದೆ ಬೆವರು ನಿಲ್ಲುತ್ತದೆ, ಚರ್ಮ ಕೆಂಪಾಗುತ್ತದೆ. ಪಾಕೆಟ್ಟಿನ ಹತ್ತಿ ಬಟ್ಟೆ ನಡುವೆ ಇದ್ದರೆ ಅರ್ಧ ತೊಂದರೆ ಹೋಗುತ್ತದೆ. ಅದಕ್ಕೇ ನಾನು ಮದುವೆ, ಬ್ಯಾಂಕ್, ದೂರದ ಬಸ್ಸಿಗೆ ಸಿಲಿಕಾನ್ ಇಟ್ಟುಕೊಂಡಿದ್ದೇನೆ. ಮಷಿನ್ ಮೇಲೆ ಕೂರುವಾಗ ಹತ್ತಿ ನೂಲಿನಲ್ಲಿ ಹೆಣೆದದ್ದು. ಇಂಥ ಹೆಣೆದ ಫಾರ್ಮ್‌ಗಳನ್ನು ಉಚಿತವಾಗಿ ಕೊಡುವ ನಿಟೆಡ್ ನಾಕರ್ಸ್ ಅನ್ನುವ ಕೆಲಸ ಅಮೆರಿಕದಲ್ಲಿ 2011ರಲ್ಲಿ ಶುರುವಾಯಿತು. ನಮ್ಮಲ್ಲಿ ಮುಂಬೈನ ಸಾಯಿಶಾ ಇಂಡಿಯಾ ಫೌಂಡೇಶನ್ ಕೈಯಲ್ಲಿ ಹೆಣೆದು ಹೆಂಗಸರಿಗೆ ಉಚಿತವಾಗಿ ಕೊಡುತ್ತದೆ. ಒಳಗಿನ ಫೈಬರ್ ತೆಗೆದೋ ಸೇರಿಸಿಯೋ ಅಳತೆ ಹೊಂದಿಸಬಹುದು. ಹಗುರ ಇರುವುದರಿಂದ ಮೇಲೇರುತ್ತದೆ, ಅದಕ್ಕೇ ಬಿಗಿಯಾದ ಪಾಕೆಟ್ ಬೇಕೇ ಬೇಕು. ಕೆಲವರು ಸಾಸಿವೆ, ರಾಗಿ ತುಂಬಿ ತೂಕ ಮಾಡಿಕೊಳ್ಳುತ್ತಾರೆ. ಘಟ್ಟದ ಮೇಲೆ ಚಳಿಗಾಲದಲ್ಲಿ ನಡೆದೀತು, ಕರಾವಳಿಗೆ ನಾನು ಬೇಡ ಅನ್ನುತ್ತೇನೆ. ಬೆವರು ತಾಗಿ ಬೂಸ್ಟು ಹಿಡಿಯುತ್ತದೆ, ಒಗೆಯಲೂ ಬರುವುದಿಲ್ಲ. ಮನೆಯಲ್ಲಿ ನೈಟಿ ಹಾಕಿ ಏನೂ ಇಲ್ಲದೆ ಇರುವುದೂ ಪೂರ್ತಿ ಸರಿ. ಇದು ನಮ್ಮ ಹಿತಕ್ಕೆ, ಯಾರ ಕಣ್ಣಿಗಾಗಿಯೂ ಅಲ್ಲ.

ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಬ್ರಾ ಹಾಕಿದರೆ ಕಜ್ಜಿ ಗ್ಯಾರಂಟಿ. ಮಳೆಗಾಲಕ್ಕೆ ಮುಂಚೆಯೇ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ದಪ್ಪ ಫೋಮ್ ಕಪ್ಪಿನದು ಬೇಡ.

ಸೀರೆ ಉಡುವವರಿಗೆ ಎರಡು ಮಾತು. ಸೆರಗಿನ ಪಿನ್ ಬ್ಲೌಸಿಗೆ ಮಾತ್ರ ಹಾಕಿ, ಬ್ರಾ ಪಟ್ಟಿಗೆ ಸೇರಿಸಬೇಡಿ. ರೇಷ್ಮೆ ಸೆರಗಿನ ಭಾರಕ್ಕೆ ಪಟ್ಟಿ ಎಳೆದು ಫಾರ್ಮೂ ಮೇಲೆ ಬರುತ್ತದೆ. ಬ್ಲೌಸ್ ಹೊಲಿಸುವಾಗ ಫಾರ್ಮ್ ಹಾಕಿಕೊಂಡೇ ಅಳತೆ ಕೊಡಿ. ಮುಂದಿನ ಕತ್ತು ಒಂದು ಇಂಚು ಮೇಲೆ ಇರಲಿ, ಬಗ್ಗಿದಾಗ ಅಂತರ ಕಾಣುವುದಿಲ್ಲ. ಆಪರೇಷನ್ ಆದ ಬದಿಯ ತೋಳಿನಲ್ಲಿ ಒಳಗೆ ಜಾಸ್ತಿ ಬಟ್ಟೆ ಬಿಡಲು ಟೈಲರಿಗೆ ಹೇಳಿ. ಕೈ ಸ್ವಲ್ಪ ಬಾತರೂ ಬಿಚ್ಚಿ ಸಡಿಲ ಮಾಡಬಹುದು. ಬಾವು ಕಂಡರೆ ಡಾಕ್ಟರಿಗೆ ತೋರಿಸುವುದು ಬೇರೆ, ಅದನ್ನು ಮುಂದೂಡಬೇಡಿ.

ಸಿಲಿಕಾನನ್ನು ದಿನವೂ ಸೌಮ್ಯ ಸೋಪಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅದರ ಪೆಟ್ಟಿಗೆಯಲ್ಲೇ ಮಲಗಿಸಿಡಿ. ಬಿಸಿಲಿಗೆ ಬೇಡ. ಸಮುದ್ರದ ನೀರು ತಾಗಿದರೆ ಆಗಲೇ ಸಿಹಿನೀರಲ್ಲಿ ತೊಳೆಯಿರಿ. ಬೆಕ್ಕಿನ ಉಗುರು, ಬ್ರೂಚು, ಸೂಜಿ ದೂರ ಇರಲಿ. ಸುಮಾರು ಎರಡು ವರ್ಷದ ಹೊತ್ತಿಗೆ ಬದಲಿಸಬೇಕಾಗಬಹುದು. ಹಲವು ಕಂಪನಿಗಳು ವಾರಂಟಿ ಕೊಡುತ್ತವೆ, ಬಿಲ್ಲನ್ನು ಪೆಟ್ಟಿಗೆಯ ಒಳಗೇ ಇಟ್ಟುಬಿಡಿ. ಹೊಸದು ತರುವ ಮೊದಲು ಮತ್ತೆ ಅಳತೆ ತೆಗೆಯಿರಿ, ಮೈ ಬದಲಾಗಿರುತ್ತದೆ. ಕುಮಟಾ ಕಡೆಯವರಾದರೆ ಬ್ರಾ, ಫಾರ್ಮ್ ಎರಡನ್ನೂ ಹಿಡಿದುಕೊಂಡೇ ಬನ್ನಿ. ಫಾರ್ಮ್ ಇಟ್ಟು ನೋಡದೆ ನಾನು ಪಾಕೆಟ್ ಕತ್ತರಿಸುವುದಿಲ್ಲ.