ಮಡಲಿನ ಬೇಲಿಯಲ್ಲಿ ಹೊಯಿಗೆ ಹಿಡಿದದ್ದು

"ಕಡಲಿಗೆ ಮಡಲಿನ ಬೇಲಿಯಾ ಮಾರಾಯ್ರೆ?" ಅಂತ ಪಕ್ಕದ ತೋಟದವರು ನಕ್ಕಿದ್ದರು. ಈ ಮಳೆಗಾಲ ಕಳೆದ ಮೇಲೆ ಅವರೇ ಬಂದು ಬಳ್ಳಿ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ, ಮಡಲು (ತೆಂಗಿನ ಗರಿ) ಕಟ್ಟಿ, ಬಳ್ಳಿ ನೆಟ್ಟು ಕಡಲ ದಂಡೆಯ ಹೊಯಿಗೆ (ಮರಳು) ದಿಬ್ಬ ಮತ್ತೆ ಎಬ್ಬಿಸಿದ ಕಥೆ.

ನಮ್ಮ ತೆಂಗಿನ ತೋಟ ಇರುವುದು ಮರವಂತೆಯಿಂದ ಸ್ವಲ್ಪ ಉತ್ತರಕ್ಕೆ. ಹೊಯಿಗೆ ದಿಬ್ಬ ಹಾಳು ಮಾಡಿದ್ದು ನಾವೇ. ಕಡಲಿಗೆ ಇಳಿಯಲು ನೇರ ದಾರಿ ಬೇಕು ಅಂತ ನಡುವೆ ಕಡಿದೆವು. ತೆರೆ ಅದೇ ದಾರಿಯಲ್ಲಿ ಒಳಗೆ ಬಂದು ಐದು ಮರ ಕೆಡವಿತು.

ಮೊದಲ ವರ್ಷ ಮೇ ತಿಂಗಳಲ್ಲಿ ಅಡುಂಬು ಬಳ್ಳಿ (ಕಡಲ ದಂಡೆಯಲ್ಲಿ ಹೊಯಿಗೆ ಹಿಡಿದು ಹಬ್ಬುವ ಬಳ್ಳಿ) ನೆಟ್ಟೆ. ಜೂನ್‌ನಲ್ಲಿ ಎಲ್ಲ ಕಡಲ ಪಾಲು. ಎಂಟು ಸಾವಿರ ಹೋಯಿತು. ಆಮೇಲೆ ನವೆಂಬರಿನಲ್ಲಿ ಮಡಲು ಒತ್ತಾಗಿ ಹೆಣೆದು ಬೇಲಿ ಕಟ್ಟಿದೆ. ಗಾಳಿ ಬಡಿದು ಬುಡದ ಹೊಯಿಗೆಯನ್ನೇ ಕೆದಕಿತು, ಗೂಟ ವಾಲಿತು. ಸಿಟ್ಟಿನಲ್ಲಿ ಒಂದು ಕಡೆ ಅರ್ಧ ಮಡಲು ಕಿತ್ತು ಒಲೆಗೆ ಹಾಕಿದೆ. ನೋಡಿದರೆ ಕಿತ್ತ ಕಡೆಯೇ ಹೊಯಿಗೆ ನಿಂತಿತ್ತು! ಬೇಲಿಯಲ್ಲಿ ಅರ್ಧ ಸಂದೇ ಇರಬೇಕು. ಮಾರ್ಚ್ ಹೊತ್ತಿಗೆ ಮೊಣಕಾಲೆತ್ತರ ಬಂತು. ಬೇಲಿ ಹೊಯಿಗೆಯಲ್ಲಿ ಮುಚ್ಚಿಹೋದ ಮೇಲೆ ಅದರ ಮೇಲೆಯೇ ಇನ್ನೊಂದು ಬೇಲಿ.

ಅಡುಂಬು ಮತ್ತೆ ನಾಟಿ ಮಾಡಿದ್ದು ನವರಾತ್ರಿಗೆ, ಹೊಯಿಗೆಯ ಒಳಗೆ ಇನ್ನೂ ತೇವ ಇರುವಾಗ. ಬಳ್ಳಿಯ ಮೊಳದುದ್ದದ ತುಂಡು, ಮೂರು ಗೆಣ್ಣು ಒಳಗೆ. ಬೀಜ ಹಾಕುವವರು ಸಿಪ್ಪೆ ಉಜ್ಜಿ ಹಾಕಿ. ನಾನು ಸುಮ್ನೆ ಎರಚಿದ ಇನ್ನೂರರಲ್ಲಿ ಹತ್ತೂ ಮೊಳೆಯಲಿಲ್ಲ. ತುಂಡನ್ನು ಹಿಂದಿನ ರಾತ್ರಿ ಯಾವುದರಲ್ಲಿ ನೆನೆಸುತ್ತೇನೆ ಅನ್ನೋದು ಮಾತ್ರ ಇಲ್ಲಿ ಹೇಳುವುದಿಲ್ಲ. ದಿಬ್ಬದ ತಲೆಗೆ ರಾವಣನ ಮೀಸೆ ಅನ್ನುವ ಚುಚ್ಚುವ ಹುಲ್ಲು, ಹಿಂದೆ ಮುಂಡ್ಕ (ಕೇದಗೆ ಜಾತಿಯ ಗಿಡ). ರಾವಣನ ಮೀಸೆ ನೆಡುವಾಗ ಕೈ ಚುಚ್ಚಿಸಿಕೊಂಡ ಆಳುಗಳು ಮರುದಿನ ಬರಲೇ ಇಲ್ಲ.

ಒಂದು ಮೂಲೆಗೆ ಗಾಳಿ ಮರ (ಸರ್ವೆ) ಹಾಕಿ ನೋಡಿದೆ. ಅದರ ತರಗು ಬಿದ್ದಲ್ಲಿ ಅಡುಂಬು ಏಳಲಿಲ್ಲ. ಹಳೆ ಬಲೆ ಕಟ್ಟಿ ನೋಡಿದೆ, ಹೊಯಿಗೆ ಚೆನ್ನಾಗಿಯೇ ಹಿಡಿಯಿತು. ಆದರೆ ಮೊಟ್ಟೆ ಇಡಲು ಬರುವ ಕಡಲಾಮೆ ಸಿಕ್ಕಿಬಿದ್ದರೆ? ಬಿಚ್ಚಿಬಿಟ್ಟೆ. ಬೇಲಿ ಸಾಲಿನ ನಡುವೆ ಆಮೆಗೆ ಜಾಗ ಬಿಟ್ಟಿದ್ದೇನೆ. ನಮ್ಮ ದಾರಿಯನ್ನೂ ಈಗ ಓರೆಯಾಗಿ ತಿರುಗಿಸಿದ್ದೇನೆ.

ಈ ಸಲ ತೆರೆ ದಿಬ್ಬದ ಮುಂದಿನ ನಾಲ್ಕೈದು ಅಡಿ ತಿಂದಿತು. ತಿನ್ನಲಿ, ದಿಬ್ಬ ಇರುವುದೇ ಅದಕ್ಕೆ ಅಲ್ವಾ? ತೋಟಕ್ಕೆ ನೀರು ಬರಲಿಲ್ಲ. ಮೂರು ವರ್ಷಕ್ಕೆ ಒಟ್ಟು ಮೂವತ್ತು ಸಾವಿರ ಆಗಿರಬಹುದು, ಹೆಚ್ಚಿನದು ಆಳಿನ ಸಂಬಳ. ಪಕ್ಕದವರು ತೆರೆ ತಡೆಯಲು ಹಾಕಿದ ಕಲ್ಲಿಗೇ ಒಂದೂವರೆ ಲಕ್ಷ ಸುರಿದಿದ್ದರು. ಬುಡದ ಹೊಯಿಗೆ ಜಾರಿ ಕಲ್ಲು ಅರ್ಧ ಹೂತುಹೋಗಿದೆ. ಎರಡು ಗೋಣಿ ಬಳ್ಳಿ ಕೊಟ್ಟೆ. ಆ ಕಲ್ಲಿನ ಸಂದಿಯಲ್ಲೇ ನೆಟ್ಟಿದ್ದಾರೆ ಪುಣ್ಯಾತ್ಮರು.